ಆಟಗಾರ ಕ್ಲಬ್ ಬಿಡುವುದು ಆಡದ ವಾರಗಳಲ್ಲಿ

ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ ನಮ್ಮದೊಂದು ಸಣ್ಣ ಫುಟಿ ಕ್ಲಬ್ ಇದೆ. ಅಲ್ಲಿ ಜೂನಿಯರ್ ಟೀಮ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳ ಇಲ್ಲ, ಇಲ್ಲಿ ಹೆಚ್ಚಿನವರ ಹಾಗೆ ನಾನೂ ವಾಲಂಟಿಯರ್. ಮಗ ಆಸ್‌ಕಿಕ್‌ಗೆ, ಅಂದರೆ ಪುಟ್ಟ ಮಕ್ಕಳಿಗೆ ಫುಟಿ ಕಲಿಸುವ ಕಾರ್ಯಕ್ರಮಕ್ಕೆ, ಸೇರಿದಾಗ ಮೈದಾನದ ಪಕ್ಕ ಸುಮ್ನೆ ನಿಂತಿರುತ್ತಿದ್ದೆ. ಮೊದಲು ಕೈಗೆ ನೀರಿನ ಬಾಟಲಿ ಕೊಟ್ಟರು, ಆಮೇಲೆ ಟೀಮ್ ಮ್ಯಾನೇಜರ್ ಮಾಡಿದರು. ಈಗ ನನ್ನ ಮೇಲಿರುವ ದೊಡ್ಡ ಜವಾಬ್ದಾರಿ ಅಂದರೆ, ಈ ವರ್ಷ ಆಡಿದ ಮಕ್ಕಳು ಮುಂದಿನ ವರ್ಷವೂ ಬರುವ ಹಾಗೆ ನೋಡಿಕೊಳ್ಳುವುದು.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಫುಟಿ ಅಂದರೆ ಸಾಕರ್ ಅಲ್ಲ, ಆಸ್ಟ್ರೇಲಿಯಾದವರದೇ ಆಟ. ಕ್ರಿಕೆಟ್ ಆಡುವ ಅದೇ ಮೊಟ್ಟೆಯಾಕಾರದ ಮೈದಾನ, ಒಂದೊಂದು ಕಡೆ 18 ಜನ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ದೊಡ್ಡ ಲೀಗ್ ಆದ ಎಎಫ್‌ಎಲ್‌ನಲ್ಲಿ 18 ಕ್ಲಬ್‌ಗಳಿವೆ. ಅದರ ಕೆಳಗೆ ಬಡಾವಣೆಗೊಂದರಂತೆ ನಮ್ಮಂಥವು.

ಅಕ್ಕಪಕ್ಕದ ಎರಡು ಕ್ಲಬ್‌ಗಳಲ್ಲಿ ಫೀಸು ಹೆಚ್ಚು ಕಡಿಮೆ ಒಂದೇ, ಮೈದಾನವೂ ಒಂದೇ ಥರ. ಆದರೂ ಒಂದರಲ್ಲಿ ಹದಿನೈದರ ಕೆಳಗಿನವರ ಟೀಮ್ ಕಟ್ಟುವುದೇ ಕಷ್ಟ, ಇನ್ನೊಂದರಲ್ಲಿ ಎರಡು ಟೀಮ್ ಆಗುವಷ್ಟು ಮಕ್ಕಳು. ಯಾಕೆ ಅಂತ ಕೇಳಿದರೆ "ಅವರು ಗೆಲ್ತಾರೆ, ಅದಕ್ಕೇ" ಅನ್ನುವವರು ಜಾಸ್ತಿ. ನಾನು ನೋಡಿದ್ದು ಬೇರೆ. ಸೋತ ಬೇಸರಕ್ಕೆ ಬಿಟ್ಟು ಹೋದವರು ಕಡಿಮೆ. ಪೆಟ್ಟಾಗಿಯೋ ಪರೀಕ್ಷೆ ಅಂತಲೋ ಪಾರ್ಟ್‌ಟೈಮ್ ಕೆಲಸದಿಂದಲೋ ಕೆಲವು ವಾರ ಆಡಲಾಗದೆ, ಆ ವಾರಗಳಲ್ಲಿ ಯಾರೂ ವಿಚಾರಿಸದೆ, ಹಾಗೇ ದೂರವಾದವರೇ ಹೆಚ್ಚು.

ದೊಡ್ಡ ಲೀಗ್‌ನಲ್ಲೂ ಇದು ಕಾಣುತ್ತದೆ. ಅಲ್ಲಿ ಹದಿನೆಂಟರ ಹುಡುಗ ತನಗೆ ಬೇಕಾದ ಕ್ಲಬ್ ಆರಿಸಿಕೊಳ್ಳುವ ಹಾಗಿಲ್ಲ. ಡ್ರಾಫ್ಟ್‌ನಲ್ಲಿ ಯಾವ ಕ್ಲಬ್ ಹೆಸರು ಕೂಗುತ್ತದೋ ಆ ಊರಿಗೆ ಹೋಗಬೇಕು. ಪರ್ತ್ ಹುಡುಗ ಬ್ರಿಸ್ಬೇನ್‌ಗೆ ಹೋದರೆ ಮನೆ ಸಾವಿರಾರು ಕಿಲೋಮೀಟರ್ ದೂರ. 2013ರ ಕೊನೆಯಲ್ಲಿ ಬ್ರಿಸ್ಬೇನ್ ಲಯನ್ಸ್ ಕ್ಲಬ್‌ನಿಂದ ಐದು ಎಳೆಯ ಆಟಗಾರರು ಒಟ್ಟಿಗೇ ಹೊರಟರು: ಎಲಿಯಟ್ ಯೊ, ಸ್ಯಾಮ್ ಡೊಕರ್ಟಿ, ಜ್ಯಾರೆಡ್ ಪೋಲೆಕ್, ಬಿಲ್ಲಿ ಲಾಂಗರ್, ಪ್ಯಾಟ್ರಿಕ್ ಕರ್ನೆಜಿಸ್. ಎಲ್ಲರೂ ತಂತಮ್ಮ ರಾಜ್ಯದ ಕ್ಲಬ್‌ಗಳಿಗೇ ಮರಳಿದರು. ಆ ಏಟಿನಿಂದ ಬ್ರಿಸ್ಬೇನ್ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು.

ಅದೇ ಬ್ರಿಸ್ಬೇನ್ 2024ರಲ್ಲೂ 2025ರಲ್ಲೂ ಕಪ್ ಗೆದ್ದಿತು. ನಡುವೆ ಆದ ಬದಲಾವಣೆಗಳಲ್ಲಿ ನನಗೆ ಮುಖ್ಯ ಅನಿಸುವುದು ಕ್ರಿಸ್ ಫೇಗನ್ 2017ರ ಸೀಸನ್‌ಗೆ ಕೋಚ್ ಆಗಿ ಬಂದದ್ದು. ಅವರು ಈ ಲೀಗ್‌ನಲ್ಲಿ ಒಂದು ಮ್ಯಾಚೂ ಆಡಿದವರಲ್ಲ, ಟಾಸ್ಮೇನಿಯಾದಲ್ಲಿ ಮೇಷ್ಟ್ರಾಗಿದ್ದವರು. ಹಾಥಾರ್ನ್ ಕ್ಲಬ್ ಪರ ಆಡಿ ನಿವೃತ್ತಿ ಹೇಳಿದ್ದ ಲ್ಯೂಕ್ ಹಾಡ್ಜ್ 2018ರಲ್ಲಿ ಅಲ್ಲಿಗೆ ಹೋಗಿ, ಎಳೆಯರ ಜೊತೆ ಎರಡು ಸೀಸನ್ ಆಡಿದರು. ವಯಸ್ಸಾದ ಆಟಗಾರ ಅಂತ ಆಗ ಕೆಲವರು ಮೂಗು ಮುರಿದರು. ಆದರೆ ಮನೆ ಬಿಟ್ಟು ಬಂದ ಹುಡುಗರ ಪಕ್ಕದಲ್ಲಿ ಅಂಥ ಹಿರಿಯ ಒಬ್ಬ ಇರುವುದು ಎಷ್ಟು ದೊಡ್ಡ ವಿಷಯ ಅಲ್ವಾ? 2017ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಬ್ರಿಸ್ಬೇನ್ ಸೇರಿದ ಕ್ಯಾಮ್ ರೇನರ್ ನಮ್ಮ ಮೆಲ್ಬರ್ನ್ ಪಶ್ಚಿಮದ ಹುಡುಗ. ಅವನು ಅಲ್ಲೇ ಉಳಿದ, ಎರಡೂ ಕಪ್ ಗೆದ್ದ. ನಮ್ಮ ಮಕ್ಕಳಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಬ್ರಿಸ್ಬೇನ್ ಪಕ್ಕದ ಗೋಲ್ಡ್ ಕೋಸ್ಟ್ ಸನ್ಸ್ 2011ರಲ್ಲಿ ಲೀಗ್‌ಗೆ ಬಂದ ಕ್ಲಬ್. ಒಳ್ಳೊಳ್ಳೆ ಹುಡುಗರನ್ನು ತಂದಿತು, ಒಬ್ಬೊಬ್ಬರಾಗಿ ಕಳೆದುಕೊಂಡಿತು. 2016ರಲ್ಲಿ ಓಮೇರಾ ಮತ್ತು ಪ್ರೆಸ್ಟಿಯಾ ಹೋದರು. 2018ರಲ್ಲಿ ಟಾಮ್ ಲಿಂಚ್ ಮತ್ತು ಸ್ಟೀವನ್ ಮೇ ಹೋದರು. ಆದರೆ 2019ರ ಡ್ರಾಫ್ಟ್‌ನಲ್ಲಿ ಮೊದಲ ಎರಡು ಸ್ಥಾನದಲ್ಲಿ ಅವರು ತೆಗೆದುಕೊಂಡ ಮ್ಯಾಟ್ ರೋವೆಲ್ ಮತ್ತು ನೋವಾ ಆಂಡರ್ಸನ್ ಒಂದೇ ಶಾಲೆಯಲ್ಲಿ ಓದಿದ ಸ್ನೇಹಿತರು. ಇಬ್ಬರೂ ಉಳಿದರು. 2025ರಲ್ಲಿ ಆಂಡರ್ಸನ್ ನಾಯಕ, ರೋವೆಲ್‌ಗೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ. ಕ್ಲಬ್ ಮೊದಲ ಬಾರಿ ಫೈನಲ್ಸ್, ಅಂದರೆ ಮೇಲಿನ ಟೀಮ್‌ಗಳು ಕಪ್‌ಗಾಗಿ ಸೀಸನ್ ಕೊನೆಯಲ್ಲಿ ಆಡುವ ಮ್ಯಾಚ್‌ಗಳನ್ನು, ಆಡಿದ್ದೂ ಆ ವರ್ಷವೇ.

ಈ ಜೋಡಿಯನ್ನು ನೋಡಿಯೇ ನಮ್ಮಲ್ಲಿ ಒಂದು ಪದ್ಧತಿ ತಂದೆ. ಒಂದು ವಯಸ್ಸಿನ ಮಕ್ಕಳು ಜಾಸ್ತಿಯಾಗಿ ಎರಡು ಟೀಮ್ ಮಾಡಬೇಕಾದಾಗ, ಪ್ರತಿ ಮಗುವಿಗೂ ಒಂದು ಚೀಟಿ ಕೊಡುತ್ತೇವೆ. ಜೊತೆಗೆ ಆಡಲು ಇಷ್ಟ ಇರುವ ಇಬ್ಬರ ಹೆಸರು ಬರೆಯಬೇಕು. ಅದರಲ್ಲಿ ಒಬ್ಬರಾದರೂ ಅದೇ ಟೀಮ್‌ನಲ್ಲಿ ಇರುತ್ತಾರೆ ಅಂತ ನಮ್ಮ ಮಾತು. ಚೆನ್ನಾಗಿ ಆಡುವವರೆಲ್ಲ ಒಂದೇ ಟೀಮ್‌ಗೆ ಬೇಕು ಅಂತ ಕೋಚ್‌ಗಳು ಜಗಳ ಆಡಿದ್ದಾರೆ. ನಾನು ಬಗ್ಗಿಲ್ಲ. ಯಾರ ಹೆಸರೂ ಬರೆಯದ ಮಗು, ಯಾರ ಚೀಟಿಯಲ್ಲೂ ಹೆಸರಿಲ್ಲದ ಮಗು ಯಾವುದು ಅಂತಲೂ ಆ ಚೀಟಿಗಳಿಂದ ಗೊತ್ತಾಗುತ್ತದೆ. ಆ ಮಗುವಿನ ಮೇಲೆ ಮೊದಲ ದಿನದಿಂದಲೇ ನನ್ನ ಕಣ್ಣಿರುತ್ತದೆ.

ಇನ್ನು ಆಡದ ವಾರಗಳ ವಿಷಯ. ತಲೆಗೆ ಪೆಟ್ಟಾಗಿ ಕನ್ಕಷನ್ ಆದರೆ, ಈಗಿನ ನಿಯಮದಂತೆ ಸ್ಥಳೀಯ ಲೀಗ್‌ಗಳಲ್ಲಿ ಕನಿಷ್ಠ 21 ದಿನ ಮ್ಯಾಚ್ ಆಡುವಂತಿಲ್ಲ. ಒಳ್ಳೆಯ ನಿಯಮ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಹದಿನಾಲ್ಕರ ಹುಡುಗನಿಗೆ ಮೂರು ವಾರ ಅಂದರೆ ಬಹಳ ಉದ್ದ. ಅಷ್ಟರಲ್ಲಿ ಬ್ಯಾಸ್ಕೆಟ್‌ಬಾಲ್ ಗೆಳೆಯ ಕರೆದಿರುತ್ತಾನೆ, ಇಲ್ಲವೇ ಫೋನೇ ಸಾಕು ಅನಿಸಿರುತ್ತದೆ. ಅದಕ್ಕೆ ನಮ್ಮಲ್ಲಿ ಪೆಟ್ಟಾದವರಿಗೆ ಮ್ಯಾಚ್ ದಿನ ಕೆಲಸ ಇದ್ದೇ ಇರುತ್ತದೆ. ಡಾಕ್ಟರ್ ಬೇಡ ಅನ್ನದಿದ್ದರೆ ಬಂದು ಸ್ಕೋರ್‌ಬೋರ್ಡ್ ನೋಡಿಕೊಳ್ಳಬೇಕು, ಇಲ್ಲವೇ ಯಾರು ಎಷ್ಟು ಟ್ಯಾಕಲ್ ಮಾಡಿದರು ಅಂತ ಬರೆದಿಡಬೇಕು. ಕ್ವಾರ್ಟರ್ ಮುಗಿದಾಗ ಕೋಚ್ ಸುತ್ತ ನಿಲ್ಲುವ ಗುಂಪಿನಲ್ಲಿ ಅವರೂ ನಿಲ್ಲಬೇಕು. ಟೀಮ್ ಹಾಡು ಹಾಡುವಾಗಲೂ ಒಳಗೇ ಇರಬೇಕು. ಟ್ರೇನಿಂಗ್‌ಗೆ ಎರಡು ಸಲ ಬರದವರಿಗೆ ನಾನು ಫೋನ್ ಮಾಡುತ್ತೇನೆ. "ಯಾಕೆ ಬರಲಿಲ್ಲ" ಅಂತ ಕೇಳುವುದಿಲ್ಲ, "ಹೇಗಿದ್ದೀಯ" ಅಂತ ಕೇಳುತ್ತೇನೆ. ಮೆಸೇಜ್‌ನಲ್ಲಿ ಈ ಕೆಲಸ ಆಗುವುದಿಲ್ಲ, ದನಿ ಕೇಳಬೇಕು.

ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳು ಆಟ ಬಿಡುವುದು ಹನ್ನೊಂದನೇ ಕ್ಲಾಸಿಗೆ. ಒಬ್ಬ ಕನ್ನಡದ ತಾಯಿ ಫೋನ್ ಮಾಡಿದ್ದರು. "ಅಣ್ಣಾ, ಇವನಿಗೆ ಟ್ಯೂಷನ್ ಜಾಸ್ತಿ ಆಗಿದೆ. ಈ ವರ್ಷ ಆಟ ಬೇಡ ಅಂತಿದ್ದೀವಿ."

"ಮಂಗಳವಾರ ಬೇಡಮ್ಮಾ, ಗುರುವಾರ ಮಾತ್ರ ಕಳಿಸಿ. ಮ್ಯಾಚ್‌ಗೆ ನಾನೇ ಕರ್ಕೊಂಡು ಹೋಗಿ ವಾಪಸ್ ಬಿಡ್ತೀನಿ."

ಹುಡುಗ ಉಳಿದ. ಈಗ ಹನ್ನೊಂದು, ಹನ್ನೆರಡನೇ ಕ್ಲಾಸಿನವರಿಗೆಲ್ಲ ವಾರಕ್ಕೆ ಒಂದು ಟ್ರೇನಿಂಗ್ ಸಾಕು. ಟೀಮ್‌ನಿಂದ ಹೆಸರು ತೆಗೆಯುವುದಿಲ್ಲ ಅಂತ ಕೋಚ್‌ಗಳೆಲ್ಲ ಒಪ್ಪಿದ್ದಾರೆ.

ಗುರುವಾರ ಯಾಕೆ ಅಂದರೆ, ಅಂದು ಟ್ರೇನಿಂಗ್ ಮುಗಿದ ಮೇಲೆ ಕ್ಲಬ್‌ನಲ್ಲೇ ಊಟ. ವಾರದ ಟೀಮ್ ಓದಿ ಹೇಳುವುದೂ ಆಗಲೇ. ಇದು ಸೀನಿಯರ್ಸ್ ಪದ್ಧತಿ. ಹದಿನೇಳರ ಕೆಳಗಿನವರನ್ನೂ ಅಲ್ಲಿ ಕೂರಿಸಲು ಶುರು ಮಾಡಿದೆವು. ಜೂನಿಯರ್ ಮುಗಿಸಿ ರಿಸರ್ವ್ಸ್‌ಗೆ, ಅಂದರೆ ಸೀನಿಯರ್ಸ್‌ನ ಎರಡನೇ ಟೀಮ್‌ಗೆ, ಹೋಗುವ ಹೊತ್ತಿನಲ್ಲೇ ಹುಡುಗರು ಹೆಚ್ಚು ಕಳೆದುಹೋಗುವುದು. ಗಡ್ಡ ಬಂದ ದೊಡ್ಡವರ ನಡುವೆ ಒಬ್ಬನಿಗೂ ನಿನ್ನ ಹೆಸರು ಗೊತ್ತಿಲ್ಲ ಅಂದರೆ ಯಾರು ತಾನೇ ಹೋಗುತ್ತಾರೆ? ಈಗ ಆ ಹೊತ್ತಿಗೆ ಒಟ್ಟಿಗೆ ಊಟ ಮಾಡಿ ಹೆಸರು, ಮುಖ ಪರಿಚಯ ಆಗಿರುತ್ತದೆ. ಮೊದಲೆಲ್ಲ ಊಟಕ್ಕೆ ಸಾಸೇಜ್, ಬ್ರೆಡ್ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಸಸ್ಯಾಹಾರಿ ಮಕ್ಕಳು ಬರೀ ಬ್ರೆಡ್ ತಿಂದು ಮನೆಗೆ ಹೋಗುತ್ತಿದ್ದರು. ಈಗ ಪೋಷಕರು ಸರದಿಯಂತೆ ಅಡುಗೆ ತರುತ್ತಾರೆ. ಚಿತ್ರಾನ್ನ ಬಂದ ದಿನ ಪಾತ್ರೆ ಬೇಗ ಖಾಲಿ.

ಉಳಿಸಿಕೊಳ್ಳುವುದಕ್ಕೆ ನೇರ ಲಾಭವೂ ಇದೆ. ವಿಕ್ಟೋರಿಯಾದ ಸೀನಿಯರ್ ಲೀಗ್‌ಗಳಲ್ಲಿ ಪ್ಲೇಯರ್ ಪಾಯಿಂಟ್ಸ್ ಅನ್ನುವ ಲೆಕ್ಕ ಇದೆ. ಪ್ರತಿ ಟೀಮ್‌ಗೂ ಇಷ್ಟೇ ಪಾಯಿಂಟ್ ಅಂತ ಮಿತಿ. ನಮ್ಮಲ್ಲೇ ಬೆಳೆದ ಹುಡುಗನಿಗೆ ಒಂದೇ ಪಾಯಿಂಟ್, ಮೇಲಿನ ಲೀಗ್‌ನಲ್ಲಿ ಆಡಿ ಹೊರಗಿನಿಂದ ಬಂದವನಿಗೆ ಜಾಸ್ತಿ. ಮಕ್ಕಳನ್ನು ಉಳಿಸಿಕೊಂಡ ಕ್ಲಬ್‌ಗೆ ಹೊರಗಿನ ಒಬ್ಬಿಬ್ಬರು ಒಳ್ಳೆಯ ಆಟಗಾರರನ್ನು ತರಲು ಜಾಗ ಉಳಿಯುತ್ತದೆ. ಕಳೆದುಕೊಂಡ ಕ್ಲಬ್ ಎಲ್ಲರನ್ನೂ ಹೊರಗಿನಿಂದಲೇ ತರಬೇಕು, ಮಿತಿ ಬೇಗ ಮುಗಿಯುತ್ತದೆ. ನಮ್ಮ ಕಮಿಟಿಯಲ್ಲಿ ಜೂನಿಯರ್‌ಗೆ ದುಡ್ಡು ಕೇಳುವಾಗ ನಾನು ಮೊದಲು ಮುಂದಿಡುವುದೇ ಈ ಲೆಕ್ಕವನ್ನು.

ಜನ ಬದಲಾಗದಿರುವುದೂ ಮುಖ್ಯ. ಜೀಲಾಂಗ್ ಕ್ಲಬ್‌ನಲ್ಲಿ 2000ದಿಂದ ಈಚೆಗೆ ಇಬ್ಬರೇ ಮುಖ್ಯ ಕೋಚ್: 2010ರ ತನಕ ಮಾರ್ಕ್ ಥಾಂಪ್ಸನ್, 2011ರಿಂದ ಕ್ರಿಸ್ ಸ್ಕಾಟ್. ನಮ್ಮಲ್ಲಿ ಅದು ಸಾಧ್ಯವಿಲ್ಲ, ಮಗ ಬೆಳೆದ ಮೇಲೆ ಅಪ್ಪ ಕೋಚ್ ಕೆಲಸ ಬಿಡುತ್ತಾನೆ. ಹಾಗಾಗಿ ಹೊಸ ಕೋಚ್ ಕೈಗೆ ಒಂದು ನೋಟ್‌ಬುಕ್ ಕೊಡುತ್ತೇವೆ. ಯಾರಿಗೆ ಕಾರಿನ ಅನುಕೂಲ ಇಲ್ಲ, ಯಾರ ಜೋರು ಮಾತಿಗೆ ಯಾರು ಮುದುಡಿ ಹೋಗುತ್ತಾರೆ, ಯಾರು ಬ್ಯಾಕ್‌ಲೈನ್‌ನಲ್ಲಿ ಆಡಿ ಸಾಕಾಗಿ ಒಮ್ಮೆ ಫಾರ್ವರ್ಡ್ ಆಡಲು ಕಾಯುತ್ತಿದ್ದಾರೆ, ಎಲ್ಲ ಅದರಲ್ಲಿ ಇರುತ್ತದೆ.

ಹುಡುಗಿಯರ ವಿಷಯದಲ್ಲಿ ಮಾತ್ರ ಪಕ್ಕದ ಕ್ಲಬ್ ನಮಗಿಂತ ಮುಂದಿದೆ. 2017ರಲ್ಲಿ ಹೆಂಗಸರ ದೊಡ್ಡ ಲೀಗ್ ಎಎಫ್‌ಎಲ್‌ಡಬ್ಲ್ಯೂ ಶುರುವಾದ ಮೇಲೆ ತುಂಬಾ ಹುಡುಗಿಯರು ಬಂದರು. ನಮ್ಮ ಚೇಂಜ್ ರೂಮ್ ಗಂಡಸರಿಗೆ ಅಂತಲೇ ಕಟ್ಟಿದ್ದು, ಸ್ನಾನದ ಜಾಗಕ್ಕೆ ಬಾಗಿಲೂ ಇಲ್ಲ. ಪಕ್ಕದವರಿಗೆ ಹೊಸ ಕಟ್ಟಡ ಇದೆ. ಹದಿನಾಲ್ಕು ದಾಟಿದ ಹುಡುಗಿಯರು ಅಲ್ಲಿಗೆ ಹೋದರೆ ತಪ್ಪು ಹೇಳಲಾರೆ. ನಮಗೂ ಸರಿಯಾದ ರೂಮ್ ಬೇಕು ಅಂತ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಕೊಟ್ಟಿದ್ದೇವೆ. ಅದು ಆಗುವವರೆಗೆ ಹುಡುಗಿಯರ ಮ್ಯಾಚ್‌ಗಳನ್ನು ಬೇರೆ ಹೊತ್ತಿಗೆ ಹಾಕಿಸಿಕೊಂಡು, ಇಡೀ ರೂಮ್ ಅವರಿಗೇ ಬಿಡುತ್ತಿದ್ದೇವೆ. ಬಾಗಿಲುಗಳನ್ನಾದರೂ ಸೀಸನ್ ಶುರುವಾಗುವ ಏಪ್ರಿಲ್ ಒಳಗೆ ನಮ್ಮ ದುಡ್ಡಿನಲ್ಲೇ ಹಾಕಿಸಬೇಕು ಅಂತ ಕಮಿಟಿಯಲ್ಲಿ ಹಟ ಹಿಡಿದು ಕೂತಿದ್ದೇನೆ.