ಸ್ನೋ ಎತ್ತಬೇಡಿ, ತಳ್ಳಿ: ಸೊಂಟ ಉಳಿಸಿಕೊಳ್ಳೋಕೆ ಒಂದಿಷ್ಟು ಮಾತು

ಊರಿಂದ ಹೊಸದಾಗಿ ಬಂದವರು ಮೊದಲ ಸ್ನೋ ಬಿದ್ದ ದಿನ ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ. ಎರಡನೇ ಸ್ನೋಗೆ, ಮನೆ ಮುಂದೆ ಬಿದ್ದದ್ದನ್ನು ಸಲಿಕೆಯಲ್ಲಿ ತೆಗೆಯೋಕೆ ಹೋಗಿ, ಸೊಂಟ ಹಿಡಿದುಕೊಂಡು ಮಲಗುತ್ತಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಕಡೆ ಬಹಳ ವರ್ಷದಿಂದ ಇರುವ ನನಗೆ ಪ್ರತಿ ಚಳಿಗಾಲ ಇದೇ ಕಥೆ ಕೇಳಿಸುತ್ತೆ, ಅದೂ ಜಿಮ್‌ಗೆ ಹೋಗೋ ಗಟ್ಟಿಮುಟ್ಟಾದ ಹುಡುಗರ ಬಾಯಿಂದ. ತಾಕತ್ತಿಗೂ ಇದಕ್ಕೂ ಅಷ್ಟೇನೂ ಸಂಬಂಧ ಇಲ್ಲ ಕಣ್ರೀ. ಬಗ್ಗಿ, ಭಾರ ಎತ್ತಿ, ಎತ್ತಿದ ಭಾರದ ಜೊತೆಗೇ ಸೊಂಟ ತಿರುಗಿಸಿ ಪಕ್ಕಕ್ಕೆ ಎಸೆಯೋದು ಇದೆಯಲ್ಲ, ಆ ಮೂರೂ ಒಟ್ಟಿಗೆ ಸೇರಿದಾಗ ಎಂಥ ಬೆನ್ನಾದರೂ ಕೈಕೊಡುತ್ತೆ.

ಸ್ನೋ ಎಷ್ಟು ಭಾರ ಅಂತ ಮೊದಲು ಲೆಕ್ಕ ಹಾಕೋಣ. ಒಂದು ಕಾರು ನಿಲ್ಲುವ ಸಾಧಾರಣ ಡ್ರೈವ್‌ವೇ, ಅದೇ ರಸ್ತೆಯಿಂದ ಮನೆಗೆ ಕಾರು ಬರುವ ದಾರಿ, ಅಂದರೆ 3 ಮೀಟರ್ ಅಗಲ, 12 ಮೀಟರ್ ಉದ್ದ ಅಂತಿಟ್ಟುಕೊಳ್ಳಿ. ಅದರ ಮೇಲೆ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ಸ್ನೋ ಬಿದ್ದಿದೆ. ಸಾಮಾನ್ಯವಾಗಿ ಹತ್ತು ಇಂಚು ಸ್ನೋ ಕರಗಿದರೆ ಒಂದು ಇಂಚು ನೀರು ಅಂತ ಅಂದಾಜು. ಆ ಲೆಕ್ಕದಲ್ಲಿ ನಿಮ್ಮ ಮನೆ ಮುಂದೆ ಬಿದ್ದಿರೋದು 540 ಲೀಟರ್ ನೀರು. 25 ಕೆಜಿ ಅಕ್ಕಿ ಮೂಟೆ ಸುಮಾರು ಇಪ್ಪತ್ತೆರಡನ್ನು ಒಂದೊಂದೇ ಸಲಿಕೆಯಾಗಿ ಪಕ್ಕಕ್ಕೆ ಸಾಗಿಸಿದ ಹಾಗೆ. ಇದು ಸಾಧಾರಣ ಸ್ನೋ ಕಥೆ. ಸೊನ್ನೆ ಡಿಗ್ರಿ ಹತ್ತಿರ ಇರುವಾಗ, ನವೆಂಬರ್‌ನಲ್ಲಿ ಇಲ್ಲಾ ಮಾರ್ಚ್‌ನಲ್ಲಿ ಬೀಳುವ ಒದ್ದೆ ಸ್ನೋ ಆದರೆ ತೂಕ ಸುಲಭವಾಗಿ ಅದರ ಎರಡರಷ್ಟು, ಒಂದು ಟನ್ ದಾಟುತ್ತೆ. ಕೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿ. ಉಂಡೆ ಗಟ್ಟಿಯಾಗಿ ನಿಂತರೆ ಅದು ಒದ್ದೆ ಸ್ನೋ, ಅವತ್ತು ಸಲಿಕೆ ಅರ್ಧವೂ ತುಂಬಬೇಡಿ. ಪುಡಿಪುಡಿಯಾಗಿ ಉದುರಿಹೋದರೆ ಪರವಾಗಿಲ್ಲ, ಹಗುರ.

ಆದ್ದರಿಂದ ನನ್ನ ಮೊದಲ ಮಾತು ಸಲಿಕೆ ಬಗ್ಗೆ ಅಲ್ಲ, ಹೊತ್ತಿನ ಬಗ್ಗೆ. ಸ್ನೋ ಪೂರ್ತಿ ನಿಲ್ಲಲಿ, ಒಂದೇ ಸಲ ತೆಗೆದರಾಯ್ತು ಅಂತ ಕಾಯೋರೇ ಜಾಸ್ತಿ. ಹಾಗೆ ಕಾದರೆ ಎತ್ತಲೇಬೇಕಾಗುತ್ತೆ. ಎರಡು ಮೂರು ಇಂಚು ಬಿದ್ದಾಗಲೇ ಒಮ್ಮೆ ಹೊರಗೆ ಹೋಗಿ ತಳ್ಳಿ ಬಂದುಬಿಟ್ಟರೆ ಅಷ್ಟು ತೆಳು ಪದರ ಸುಮ್ನೆ ಜಾರಿಕೊಂಡು ಹೋಗುತ್ತೆ. ಕಾಲು ಗಂಟೆ ಕೆಲಸ. ಒಳಗೆ ಬಂದು ಕಾಫಿ ಕುಡಿದು, ಮತ್ತೆ ಎರಡು ಇಂಚು ಆದ ಮೇಲೆ ಇನ್ನೊಮ್ಮೆ ಹೋಗಿ. ಒಟ್ಟು ತೂಕ ಅಷ್ಟೇ ಇರುತ್ತೆ ನಿಜ, ಆದರೆ ಸೊಂಟಕ್ಕೆ ಬೀಳೋ ಹೊರೆ ಬೇರೆ. ನಮ್ಮ ಪಕ್ಕದ ಈರೀ ಸರೋವರದ ಗಾಳಿ ತರುವ ಸ್ನೋ ವಿಚಾರದಲ್ಲಂತೂ ಬೇರೆ ದಾರಿಯೇ ಇಲ್ಲ. 2022ರ ನವೆಂಬರ್‌ನಲ್ಲಿ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಕಡೆ ಕೆಲವೇ ದಿನದಲ್ಲಿ ಸುಮಾರು 80 ಇಂಚು ಬಿತ್ತು, ಆಳಿಗಿಂತ ಎತ್ತರ. ಅಂಥದ್ದನ್ನು ನಿಂತ ಮೇಲೆ ಸಲಿಕೆಯಲ್ಲಿ ತೆಗೆಯುತ್ತೇನೆ ಅನ್ನೋದು ಹುಚ್ಚು, ಅದಕ್ಕೆ ಯಂತ್ರವೇ ಬೇಕು.

ಹೊತ್ತಿನ ಬಗ್ಗೆ ಇನ್ನೊಂದು ಮಾತಿದೆ. ಬೆಳಿಗ್ಗೆ ಎದ್ದ ತಕ್ಷಣ ಜಾಕೆಟ್ ಹಾಕಿಕೊಂಡು ಹೊರಗೆ ಓಡಬೇಡಿ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಅದಕ್ಕೇ ಬೆಳಿಗ್ಗೆ ಸೊಂಟ ಬಿಗಿ ಬಿಗಿ ಅನಿಸೋದು, ಆಗ ಬಗ್ಗಿದರೆ ಡಿಸ್ಕ್ ಮೇಲೆ ಒತ್ತಡ ಜಾಸ್ತಿ. ಎದ್ದು ಒಂದು ಗಂಟೆಯಾದರೂ ಓಡಾಡಿ. ಹಲ್ಲುಜ್ಜಿ, ಮಕ್ಕಳ ಡಬ್ಬಿ ಕಟ್ಟಿ, ಮೆಟ್ಟಿಲು ಹತ್ತಿ ಇಳಿಯಿರಿ. ಎಂಟು ಗಂಟೆಗೆ ಆಫೀಸಿಗೆ ಹೊರಡಬೇಕು ಅಂದರೆ ಐದೂವರೆಗೇ ಏಳಿ, ಅಷ್ಟೇ. ಹೊರಡೋ ಮುಂಚೆ ಸೊಂಟ, ತೊಡೆ, ಭುಜ ಬಿಸಿಯಾಗೋ ಹಾಗೆ ಐದು ನಿಮಿಷ ಇದ್ದಲ್ಲೇ ನಡೆಯಿರಿ, ನಾಲ್ಕು ಸಲ ಕುರ್ಚಿಯಿಂದ ಎದ್ದು ಕೂತು ಮಾಡಿ.

ಇನ್ನು ಸಲಿಕೆ. ಒಂದರಲ್ಲೇ ಎಲ್ಲಾ ಮಾಡೋಕೆ ಹೋಗಬೇಡಿ, ಎರಡು ಇಟ್ಟುಕೊಳ್ಳಿ. ಅಗಲ ಬಾಯಿಯದು ತಳ್ಳೋಕೆ ಮಾತ್ರ, ಅದರಲ್ಲಿ ಎತ್ತಿದರೆ ಕೆಟ್ಟಿರಿ. ಎತ್ತೋಕೆ ಚಿಕ್ಕದು, ಹಗುರ ಪ್ಲಾಸ್ಟಿಕ್‌ದು, ತುದಿಗೆ ಲೋಹದ ಪಟ್ಟಿ ಇದ್ದರೆ ಸಾಕು. ಹಿಡಿಕೆ ಗಿಡ್ಡ ಇದ್ದರೆ ನೀವು ಬಗ್ಗಲೇಬೇಕು. ನಿಲ್ಲಿಸಿದರೆ ನಿಮ್ಮ ಎದೆಮಟ್ಟಕ್ಕೆ ಬರಬೇಕು. ನಡುವೆ ಬಾಗಿರುವ ಹಿಡಿಕೆಯವು ಬರುತ್ತವೆ, ತಳ್ಳುವಾಗ ಸ್ವಲ್ಪ ವಿಚಿತ್ರ ಅನಿಸಿದರೂ ಎತ್ತುವಾಗ ಬೆನ್ನು ಕಡಿಮೆ ಬಾಗುತ್ತೆ. ಬೆಚ್ಚಗಿನ ಗ್ಯಾರೇಜಿನಿಂದ ತಂದ ಸಲಿಕೆಯನ್ನು ತಕ್ಷಣ ಸ್ನೋಗೆ ಹಾಕಿದರೆ ಸ್ನೋ ಕರಗಿ, ಮತ್ತೆ ಹೆಪ್ಪುಗಟ್ಟಿ ಬಾಯಿಗೆ ಅಂಟಿಕೊಳ್ಳುತ್ತೆ, ಆಮೇಲೆ ಪ್ರತಿ ಸಲವೂ ಆ ಅಂಟಿದ ಮುದ್ದೆಯನ್ನೂ ಸೇರಿಸಿ ಎತ್ತುತ್ತಾ ಇರುತ್ತೀರಿ, ಜೊತೆಗೆ ಅದನ್ನು ಉದುರಿಸೋಕೆ ಸಲಿಕೆ ಕೊಡವಿ ಕೊಡವಿ ಭುಜ ನೋಯಿಸಿಕೊಳ್ಳುತ್ತೀರಿ. ಹತ್ತು ನಿಮಿಷ ಮೊದಲೇ ಹೊರಗಿಟ್ಟು ತಣ್ಣಗಾಗೋಕೆ ಬಿಡಿ. ಬಾಯಿಗೆ ಮೇಣದ ಬತ್ತಿ ಉಜ್ಜಿ, ಇಲ್ಲಾ ಅಡುಗೆ ಎಣ್ಣೆ ಸ್ಪ್ರೇ ಹೊಡೆಯಿರಿ. ಸ್ನೋ ತಾನೇ ಜಾರಿ ಬೀಳುತ್ತೆ.

ಬೂಟು ಮುಖ್ಯ. ಜಾರದಿದ್ದರೆ ಸಾಕು, ಚೆಂದ ಬೇಡ. ಕಾಲು ಜಾರಿದಾಗ ಬೀಳದೆ ಇರೋಕೆ ಮೈ ಒಮ್ಮೆಲೇ ಬಿಗಿಯುತ್ತಲ್ಲ, ಬಿದ್ದದ್ದಕ್ಕಿಂತ ಆ ಜರ್ಕಿಗೇ ಎಷ್ಟೋ ಬೆನ್ನು ಉಳುಕಿವೆ. ಕೆಳಗೆ ಐಸ್ ಇದೆ ಅನಿಸಿದರೆ ಬೂಟಿನ ಮೇಲೆ ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಸಿಗುತ್ತೆ, ಹಾಕಿಕೊಳ್ಳಿ. ಮನೆಯೊಳಗೆ ಬರುವಾಗ ಮಾತ್ರ ಬಿಚ್ಚಿಬಿಡಿ, ಟೈಲ್ಸ್ ಮೇಲೆ ಅದೇ ಜಾರುತ್ತೆ.

ಈಗ ಎತ್ತೋ ವಿಚಾರ, ನಿಧಾನವಾಗಿ ಹೇಳುತ್ತೇನೆ. ಎಲ್ಲಿಗೆ ಹಾಕಬೇಕೋ ಆ ಕಡೆಗೇ ಮುಖ ಮಾಡಿ ನಿಲ್ಲೋಕೆ ಆಗುತ್ತಾ ನೋಡಿ. ಒಂದು ಕಾಲು ಮುಂದೆ, ಒಂದು ಹಿಂದೆ. ಒಂದು ಕೈ ಹಿಡಿಕೆಯ ತುದಿಯಲ್ಲಿ, ಇನ್ನೊಂದು ಕೈ ಕೆಳಗೆ, ಸಲಿಕೆಯ ಬಾಯಿಗೆ ಆದಷ್ಟು ಹತ್ತಿರ. ಎರಡೂ ಕೈ ಮೇಲುಗಡೆಯೇ ಇದ್ದರೆ ಭಾರ ದೂರದಲ್ಲಿ ತೂಗುತ್ತೆ, ಅದನ್ನು ಎಳೆದು ಹಿಡಿಯೋದು ನಿಮ್ಮ ಸೊಂಟ. ಮೊಣಕಾಲು ಬಗ್ಗಿಸಿ, ಕುರ್ಚಿಗೆ ಕೂರೋಕೆ ಹೊರಟವರ ಹಾಗೆ ಪೃಷ್ಠ ಹಿಂದಕ್ಕೆ ಹೋಗಲಿ, ಎದೆ ನೆಟ್ಟಗಿರಲಿ. ಕೆಳಗಿನ ಕೈಯ ಮುಂಗೈಯನ್ನು ಮುಂದಿನ ತೊಡೆಗೆ ಆನಿಸಿ, ಮೈಭಾರ ಮುಂದಕ್ಕೆ ಬಿಟ್ಟು ಸಲಿಕೆ ತೂರಿಸಿ. ಅರ್ಧ ತುಂಬಿದರೆ ಸಾಕು. ಹೊಟ್ಟೆ ಸ್ವಲ್ಪ ಬಿಗಿಮಾಡಿ, ಉಸಿರು ಬಿಡುತ್ತಾ ಕಾಲಿನ ಬಲದಿಂದ ಏಳಿ. ಏಳುವಾಗ ಉಸಿರು ಕಟ್ಟಬೇಡಿ, ಬಿಪಿ ಏರುತ್ತೆ. ಸಲಿಕೆ ಹೊಟ್ಟೆಗೆ ಹತ್ತಿರ ಇರಲಿ. ಆಮೇಲೆ ಹೆಜ್ಜೆ ಇಟ್ಟು ಇಡೀ ಮೈಯನ್ನು ತಿರುಗಿಸಿ, ನಡೆದುಹೋಗಿ ಸುರಿಯಿರಿ. ಪಾದ ಎತ್ತ ನೋಡುತ್ತೋ ಹೊಕ್ಕಳೂ ಅತ್ತಲೇ ನೋಡಬೇಕು. ಇದೊಂದು ನೆನಪಿದ್ದರೆ ಉಳಿದದ್ದು ಮರೆತರೂ ನಡೆಯುತ್ತೆ. ಭುಜದ ಮೇಲಿಂದ ಹಿಂದಕ್ಕೆ ಎಸೆಯೋದು ಬೇಡವೇ ಬೇಡ.

ಹತ್ತು ಹದಿನೈದು ಸಲಿಕೆಗೊಮ್ಮೆ ಕೈ ಬದಲಿಸಿ. ಎಡಗೈ ಮುಂದಿದ್ದರೆ ಬಲಗೈ ಮುಂದೆ ಮಾಡಿ. ಮೊದಲು ಎಡವಟ್ಟು ಅನಿಸುತ್ತೆ, ರೂಢಿಯಾಗುತ್ತೆ. ಒಂದೇ ಕಡೆ ತಿರುಗಿ ತಿರುಗಿ ಕೆಲಸ ಮಾಡಿದವರಿಗೆ ಮಾರನೇ ದಿನ ಒಂದೇ ಪಕ್ಕ ಹಿಡಿದುಕೊಂಡಿರುತ್ತೆ, ಗಮನಿಸಿ ನೋಡಿ. ಸ್ನೋ ಮೊಣಕಾಲವರೆಗೆ ಇದ್ದರೆ ನೆಲದಿಂದ ಅಗೆಯಬೇಡಿ, ಮೇಲಿನ ಅರ್ಧ ಮೊದಲು, ಕೆಳಗಿನದು ಆಮೇಲೆ. ಮೊದಲ ರಾಶಿಯನ್ನು ಆದಷ್ಟು ದೂರಕ್ಕೆ ಹಾಕಿ. ಡ್ರೈವ್‌ವೇ ಅಂಚಿಗೇ ರಾಶಿ ಹಾಕುತ್ತಾ ಬಂದರೆ ಜನವರಿ ಹೊತ್ತಿಗೆ ಗೋಡೆ ಎದ್ದು, ಪ್ರತಿ ಸಲಿಕೆಯನ್ನೂ ಎದೆಮಟ್ಟಕ್ಕೆ ಎತ್ತಬೇಕಾಗುತ್ತೆ.

ಇಷ್ಟೆಲ್ಲಾ ಸರಿಯಾಗಿ ಮಾಡಿ ಕೊನೆಗೆ ಸೊಂಟ ಕಳೆದುಕೊಳ್ಳುವ ಜಾಗ ಒಂದಿದೆ, ಡ್ರೈವ್‌ವೇ ರಸ್ತೆಗೆ ಸೇರುವ ಕಡೆ. ಮುನಿಸಿಪಾಲಿಟಿಯ ಪ್ಲೋ ಟ್ರಕ್ ಬಂದು ರಸ್ತೆಯ ಸ್ನೋವನ್ನೆಲ್ಲಾ ನಿಮ್ಮ ಬಾಗಿಲಿಗೆ ದಿಬ್ಬ ಮಾಡಿ ಹೋಗುತ್ತಲ್ಲ, ಅದು ಒತ್ತಿಹೋದ, ಉಪ್ಪು ಐಸ್ ಗಟ್ಟಿ ಬೆರೆತ ಕೆಸರು. ಮನೆ ಹತ್ತಿರದ ಹಗುರ ಸ್ನೋಗಿಂತ ಮೂರು ನಾಲ್ಕು ಪಟ್ಟು ಭಾರ. ಅಷ್ಟೊತ್ತಿಗೆ ನೀವೂ ಸುಸ್ತಾಗಿರುತ್ತೀರಿ, ಹೊತ್ತೂ ಆಗಿರುತ್ತೆ, ಸಿಟ್ಟೂ ಬಂದಿರುತ್ತೆ. ಅದಕ್ಕೇ ಅದನ್ನು ಕೊನೆಗೆ ಬಿಡಬೇಡಿ, ಮೈಯಲ್ಲಿ ಕಸುವಿರುವಾಗ ಅಲ್ಲಿಂದಲೇ ಶುರುಮಾಡಿ. ಸಲಿಕೆಯ ತುದಿಯಿಂದ ಕುಕ್ಕಿ ತುಂಡು ತುಂಡು ಮಾಡಿ, ಮೇಲಿನಿಂದ ಚೂರು ಚೂರೇ ಜಾರಿಸಿ. ರಸ್ತೆಗೆ ವಾಪಸ್ ಎಸೆಯಬೇಡಿ, ಬಹಳ ಊರುಗಳಲ್ಲಿ ದಂಡ ಹಾಕುತ್ತಾರೆ.

ಪ್ಲೋ ಬರೋ ಮುಂಚೆ ಸಮಯ ಇದ್ದರೆ ಒಂದು ಉಪಾಯ ಇದೆ. ನಿಮ್ಮ ಡ್ರೈವ್‌ವೇಯಲ್ಲಿ ರಸ್ತೆ ಕಡೆ ಮುಖ ಮಾಡಿ ನಿಲ್ಲಿ. ಅಮೆರಿಕ, ಕೆನಡಾದಲ್ಲಿ ಟ್ರಕ್ ನಿಮ್ಮ ಎಡಗಡೆಯಿಂದ ಬರುತ್ತೆ. ಆ ಎಡಗಡೆ, ಡ್ರೈವ್‌ವೇ ಶುರುವಾಗುವ ಮೊದಲು, ರಸ್ತೆ ಪಕ್ಕದಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗ ಖಾಲಿ ಮಾಡಿಡಿ. ಪ್ಲೋ ತಳ್ಳಿಕೊಂಡು ಬಂದ ಹೊರೆಯಲ್ಲಿ ಬಹಳಷ್ಟು ಅಲ್ಲೇ ಬಿದ್ದುಹೋಗುತ್ತೆ, ನಿಮ್ಮ ಬಾಗಿಲಿಗೆ ಚೂರುಪಾರು ಉಳಿಯುತ್ತೆ. ನೀವು ತೆಗೆದ ಸ್ನೋ ಎಲ್ಲಾ ಬಲಗಡೆಗೆ ಹಾಕಿ. ಎಡಗಡೆ ಹಾಕಿದರೆ ಪ್ಲೋ ಅದನ್ನೇ ನೂಕಿಕೊಂಡು ಬಂದು ನಿಮಗೇ ಕೊಡುತ್ತೆ.

ಐಸ್ ಕಟ್ಟದ ಹಾಗೆ ಮೊದಲೇ ಉಪ್ಪು ಹಾಕೋದು ಒಳ್ಳೆಯದು, ಕೆರೆಯೋ ಕೆಲಸ ತಪ್ಪುತ್ತೆ. ಆದರೆ ಮಾಮೂಲಿ ರಾಕ್ ಸಾಲ್ಟ್ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅಷ್ಟಾಗಿ ಕೆಲಸ ಮಾಡಲ್ಲ. ಅದಕ್ಕಿಂತ ಚಳಿ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡ್, ಇಲ್ಲಾ ಸುಮ್ನೆ ಮರಳು.

ಬೆನ್ನಿನ ಮಾತಾಡುತ್ತಾ ಎದೆಯನ್ನು ಮರೆಯೋ ಹಾಗಿಲ್ಲ. ಅಮೆರಿಕದ ಎಮರ್ಜೆನ್ಸಿ ವಾರ್ಡುಗಳ 1990ರಿಂದ 2006ರವರೆಗಿನ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನದಲ್ಲಿ, ಸ್ನೋ ತೆಗೆಯೋಕೆ ಹೋಗಿ ಅಲ್ಲಿ ಚಿಕಿತ್ಸೆ ಪಡೆದವರು ವರ್ಷಕ್ಕೆ ಸರಾಸರಿ 11,500 ಜನ. ಪೆಟ್ಟು ಬಿದ್ದದ್ದು ಕೆಳಬೆನ್ನಿಗೇ ಎಲ್ಲಕ್ಕಿಂತ ಹೆಚ್ಚು, ಸುಮಾರು ಮೂರರಲ್ಲಿ ಒಂದು. ಹೃದಯದ ತೊಂದರೆ ನೂರಕ್ಕೆ ಏಳೇ, ಆದರೆ ಸತ್ತವರೆಲ್ಲಾ ಆ ಗುಂಪಿನವರೇ. ಚಳಿಗೆ ರಕ್ತನಾಳ ಬಿಗಿಯುತ್ತೆ, ಭಾರ ಎತ್ತಿದಾಗ ಬಿಪಿ ಏರುತ್ತೆ, ಎರಡೂ ಒಟ್ಟಿಗೆ ಬಂದರೆ ಹೃದಯ ತಡೆಯಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಮಗಳ ಮನೆಗೋ ಮಗನ ಮನೆಗೋ ಬಂದಿರುವ ನಮ್ಮ ಅಪ್ಪಂದಿರು. ಹಾಸನದಲ್ಲೋ ಶಿರಸಿಯಲ್ಲೋ ಜೀವಮಾನವೆಲ್ಲಾ ತೋಟ ಮಾಡಿದವರು, ಒಳಗೆ ಕೂತು ಕೂತು ಬೇಜಾರಾಗಿರುತ್ತೆ, ಅಳಿಯ ಒಬ್ಬನೇ ಒದ್ದಾಡೋದು ನೋಡೋಕಾಗದೆ "ಗುದ್ದಲಿ ಹಿಡಿದ ಕೈ ಇದು, ಕೊಡಿ ಇಲ್ಲಿ" ಅಂತ ಹೊರಟುಬಿಡುತ್ತಾರೆ. ಬಿಡಬೇಡಿ. ಅರವತ್ತು ದಾಟಿದೆ, ಬಿಪಿ ಇದೆ, ಸಕ್ಕರೆ ಇದೆ, ಆ ಚಳಿಯ ರೂಢಿ ಇಲ್ಲ. ವಿಸಿಟರ್ಸ್ ಇನ್ಶೂರೆನ್ಸ್ ಬಹಳಷ್ಟು ಸಲ ಹಳೆಯ ಕಾಯಿಲೆಗೆ ಕೊಡೋದಿಲ್ಲ ಅನ್ನೋದೂ ತಲೆಯಲ್ಲಿರಲಿ. ಅವರ ಮನಸ್ಸಿಗೆ ನೋವಾಗದ ಹಾಗೆ ಬೇರೆ ಕೆಲಸ ಕೊಡಿ. ಮೆಟ್ಟಿಲಿಗೆ ಉಪ್ಪು ಉದುರಿಸೋದು, ಬಾಗಿಲ ಮುಂದಿನ ಪುಡಿ ಸ್ನೋ ಪೊರಕೆಯಲ್ಲಿ ಗುಡಿಸೋದು. ಅದೂ ಊಟ ಆದ ತಕ್ಷಣ ಬೇಡ.

ಕೈಲಾಗದಿದ್ದರೆ ದುಡ್ಡು ಕೊಟ್ಟು ಮಾಡಿಸಿ. ಇದರಲ್ಲಿ ನಾಚಿಕೆ ಏನಿದೆ? ಸೀಸನ್‌ಗೆ ಇಷ್ಟು ಅಂತ ಮಾತಾಡಿಕೊಂಡು ಬಂದು ತೆಗೆದು ಹೋಗೋರು ಇದ್ದಾರೆ, ಪಕ್ಕದ ಮನೆ ಹೈಸ್ಕೂಲ್ ಹುಡುಗರೂ ಬರುತ್ತಾರೆ. ಅಕ್ಟೋಬರ್‌ನಲ್ಲೇ ಗೊತ್ತುಮಾಡಿಕೊಳ್ಳಿ. ಸ್ನೋ ಎಳೆದುಕೊಂಡು ದೂರ ಎಸೆಯುವ ಯಂತ್ರ, ಸ್ನೋ ಬ್ಲೋವರ್ ತಗೊಂಡರೂ ಸರಿಯೇ, ಆದರೆ ಸ್ನೋ ಸಿಕ್ಕಿಹಾಕಿಕೊಂಡಾಗ ಮಾತ್ರ ಒಳಗೆ ಕೈ ಹಾಕಬೇಡಿ. ಆಫ್ ಮಾಡಿದ ಮೇಲೂ ಒಳಗಿನ ಬ್ಲೇಡು ಬಿಗಿದುಕೊಂಡಿದ್ದು, ಅಡ್ಡ ಸಿಕ್ಕಿದ್ದ ಸ್ನೋ ಬಿಟ್ಟ ಕ್ಷಣ ತಿರುಗಬಹುದು. ಕೋಲು ಉಪಯೋಗಿಸಿ.

ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲೇ ಸೋಫಾಗೆ ಬೀಳಬೇಡಿ. ಬಟ್ಟೆ ಬದಲಿಸಿ, ನೀರು ಕುಡಿದು, ಮನೆಯೊಳಗೇ ಹತ್ತು ನಿಮಿಷ ಓಡಾಡಿ, ಆಮೇಲೆ ಬಿಸಿನೀರು ಸ್ನಾನ. ಸೊಂಟ ಹಿಡಿದುಕೊಂಡೇಬಿಟ್ಟಿದ್ದರೆ ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಆಮೇಲೆ ಶಾಖ, ಯಾವುದು ಹಿತವೋ ಅದು. ಒಬ್ಬೊಬ್ಬರಿಗೆ ಒಂದೊಂದು ಆಗಿಬರುತ್ತೆ. ವಾರಗಟ್ಟಲೆ ಮಲಗಿರೋದು ಹಳೆಯ ಪದ್ಧತಿ, ಈಗ ಡಾಕ್ಟರುಗಳು ಮೆಲ್ಲಗೆ ಓಡಾಡಿ ಅಂತಲೇ ಹೇಳುತ್ತಾರೆ. ನೋವು ಕಾಲಿಗೆ ಇಳಿದು ಪಾದ ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ತೊಡೆಸಂದಿ ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ. ಸಲಿಕೆ ಹಿಡಿದಿರುವಾಗ ಎದೆ ಹಿಂಡಿದ ಹಾಗಾಗಿ ಎಡಗೈಗೋ ದವಡೆಗೋ ನೋವು ಹಬ್ಬಿದರೆ ಸಲಿಕೆ ಅಲ್ಲೇ ಬಿಟ್ಟು ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿ, ಕಾರು ನೀವೇ ಓಡಿಸಿಕೊಂಡು ಹೋಗಬೇಡಿ.