ಆವರ್ತ ಕೋಷ್ಟಕ: ಮೊದಲು ಮಕ್ಕಳೇ ಜೋಡಿಸಲಿ

ಮೂಲವಸ್ತುಗಳನ್ನೆಲ್ಲ ಜೋಡಿಸಿ ತೋರಿಸುವ ಆವರ್ತ ಕೋಷ್ಟಕದ ಚಾರ್ಟನ್ನು ಮೊದಲ ದಿನವೇ ಗೋಡೆಗೆ ಹಾಕಬೇಡಿ. 118 ಚೌಕ ಕಂಡ ಕೂಡಲೇ ಏಳನೇ ಕ್ಲಾಸಿನ ಮಕ್ಕಳು ಇದು ಬಾಯಿಪಾಠದ ಸಂಗತಿ ಅಂದುಕೊಳ್ಳುತ್ತಾರೆ, ಆಮೇಲೆ ಆ ಹೆದರಿಕೆ ಬಿಡಿಸುವುದು ಕಷ್ಟ.

ಸಂಕೇತ ಯಾಕೆ ಬೇಕು ಅಂತ ನಮ್ಮ ಕಾಸರಗೋಡಿನ ಮಕ್ಕಳಿಗೆ ಹೇಳುವುದು ಸುಲಭ. ಕಬ್ಬಿಣಕ್ಕೆ ಮನೆಯಲ್ಲಿ ಏನು ಹೇಳ್ತೀರಿ ಅಂತ ಕೇಳಿ. ತುಳುವಿನವರು ಕರ್ಬ ಅನ್ನುತ್ತಾರೆ, ಮಲಯಾಳದವರು ಇರುಂಬ್ ಅನ್ನುತ್ತಾರೆ. ಬರೆಯುವಾಗ ಮಾತ್ರ ಎಲ್ಲರಿಗೂ ಎಫ್‌ಇ, ಲ್ಯಾಟಿನ್ನಿನ ಫೆರಂನಿಂದ ಬಂದದ್ದು.

ಇನ್ನು ಮುಖ್ಯ ಕೆಲಸ. ಹಳೆಯ ಮದುವೆ ಕಾಗದಗಳನ್ನು ಒಂದೇ ಅಳತೆಗೆ ಕತ್ತರಿಸಿ ಪ್ರತಿ ಗುಂಪಿಗೆ 14 ಕಾರ್ಡ್ ಮಾಡಿ: ಲಿಥಿಯಂನಿಂದ ಫ್ಲೋರಿನ್‌ವರೆಗೆ ಏಳು, ಸೋಡಿಯಂನಿಂದ ಕ್ಲೋರಿನ್‌ವರೆಗೆ ಏಳು. ಮಧ್ಯದ ನಿಯಾನನ್ನು ಸದ್ಯಕ್ಕೆ ಬಿಡಿ, ರಷ್ಯಾದ ವಿಜ್ಞಾನಿ ಮೆಂಡಲೀವ್ ಕೋಷ್ಟಕ ಮಾಡಿದಾಗ ಅದಿನ್ನೂ ಸಿಕ್ಕಿರಲಿಲ್ಲ. ಪ್ರತಿ ಕಾರ್ಡಿನಲ್ಲಿ ಹೆಸರು, ಪರಮಾಣು ತೂಕ, ಮತ್ತೆ ಅದಕ್ಕೆ ಎಷ್ಟು ‘ಕೈ’ ಅಂತ ಬರೆಯಿರಿ. ಕೈ ಅಂದರೆ ಸಂಯೋಗ ಸಾಮರ್ಥ್ಯ, ಬೇರೆ ಪರಮಾಣುಗಳನ್ನು ಹಿಡಿದುಕೊಳ್ಳುವ ಶಕ್ತಿ. ಸೋಡಿಯಂಗೆ 1, ಮೆಗ್ನೀಸಿಯಂಗೆ 2, ಕಾರ್ಬನ್‌ಗೆ 4, ಹೀಗೆ.

ಕಾರ್ಡು ಹಂಚುವ ಮೊದಲು ಸಿಲಿಕಾನ್ ಕಾರ್ಡುಗಳನ್ನು ತೆಗೆದು ನಿಮ್ಮ ಕಿಸೆಗೆ ಹಾಕಿಕೊಳ್ಳಿ. ಯಾರಿಗೂ ಹೇಳಬೇಡಿ.

ಈಗ ತೂಕದ ಪ್ರಕಾರ ಸಾಲಾಗಿ ಇಡಲು ಹೇಳಿ, ಕೈಗಳ ಲೆಕ್ಕ ಗಟ್ಟಿಯಾಗಿ ಓದಿಸಿ. 1, 2, 3, 4, 3, 2, 1. ಮತ್ತೆ 1, 2, 3... ಪುನಃ ಒಂದರಿಂದ ಶುರುವಾಯಿತಲ್ಲ ಅಂತ ಯಾರಾದರೂ ಕೂಗುತ್ತಾರೆ, ಆಗ ಅಲ್ಲೇ ಸಾಲು ತುಂಡು ಮಾಡಿ ಒಂದರ ಕೆಳಗೆ ಒಂದು ಇಡಿಸಿ. ಎರಡನೇ ಸಾಲಿನಲ್ಲಿ ಕಾರ್ಬನ್‌ನ ಕೆಳಗೆ ಫಾಸ್ಫರಸ್ ಬಂದು ಕೂರುತ್ತದೆ, ಕೈ ತಾಳೆಯಾಗುವುದಿಲ್ಲ. ಇಲ್ಲಿ ನೀವು ಸುಮ್ನೆ ನಿಂತಿರಿ. ಉತ್ತರ ಹೇಳಿಬಿಡಬೇಕು ಅಂತ ತುಂಬಾ ಅನಿಸುತ್ತದೆ, ಆದರೆ ಐದು ನಿಮಿಷ ತಡೆದರೆ “ಇಲ್ಲಿ ಒಂದು ಕಡಿಮೆ ಇದೆ ಟೀಚರ್” ಅನ್ನುವ ಮಾತು ಅವರ ಬಾಯಿಂದಲೇ ಬರುತ್ತದೆ. ಇಲ್ಲದ್ದು ಹೇಗಿರಬಹುದು ಅಂತ ಕೇಳಿ. ತೂಕ 27 ಮತ್ತು 31ರ ನಡುವೆ, ಕೈ 4, ಗುಣ ಸ್ವಲ್ಪ ಕಾರ್ಬನ್‌ನ ಹಾಗೆ.

ಮೆಂಡಲೀವ್ ಕತೆ ಹೇಳಬೇಕಾದ್ದು ಈಗ. 1869ರಲ್ಲಿ ಗೊತ್ತಿದ್ದ 63 ಮೂಲವಸ್ತುಗಳನ್ನು ಜೋಡಿಸುವಾಗ ಅವರು ಖಾಲಿ ಜಾಗ ಬಿಟ್ಟರು. ಸಿಲಿಕಾನ್‌ನ ಕೆಳಗಿನದರ ತೂಕ 72ರಷ್ಟು ಇರಬೇಕು ಅಂದರು, 1886ರಲ್ಲಿ ಜರ್ಮೇನಿಯಂ ಸಿಕ್ಕಿತು, ತೂಕ 72.6. ಅದಕ್ಕೂ ಮೊದಲು 1875ರಲ್ಲಿ, ಅವರು ಬಿಟ್ಟಿದ್ದ ಇನ್ನೊಂದು ಖಾಲಿ ಜಾಗದ ಗ್ಯಾಲಿಯಂ ಸಿಕ್ಕಿತ್ತು. ಅದು ಕರಗುವುದು 30 ಡಿಗ್ರಿ ಹತ್ತಿರ, ನಮ್ಮ ಏಪ್ರಿಲ್ ಸೆಕೆಗೆ ಮೇಜಿನ ಮೇಲೆ ಇಟ್ಟರೂ ನೀರಾಗುತ್ತದೆ.

ಆಮೇಲೆ ಕಿಸೆಯ ಕಾರ್ಡು ತೆಗೆಯಿರಿ, ಜತೆಗೆ ಒಂದು ಹಿಡಿ ಹೊಯಿಗೆ (ಮರಳು). ಸಿಲಿಕಾನ್ ಇರುವುದು ಅದರಲ್ಲೇ ಅಲ್ವಾ!

ಚಾರ್ಟು ಮರುದಿನ ತನ್ನಿ. ಈಗಿನ ಕೋಷ್ಟಕ ತೂಕದ ಮೇಲಲ್ಲ, ಪರಮಾಣುವಿನೊಳಗಿನ ಪ್ರೋಟಾನ್ ಕಣಗಳ ಸಂಖ್ಯೆಯ ಮೇಲೆ ನಿಂತಿದೆ ಅಂತ ಒಂದು ಮಾತು ಹೇಳಿದರೆ ಈ ವಯಸ್ಸಿಗೆ ಸಾಕು. ಮನೆಕೆಲಸಕ್ಕೆ ಮನೆ, ತೋಟ ಹುಡುಕಲು ಬಿಡಿ: ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿ ತಾಮ್ರ, ಅಜ್ಜಿಯ ಎಲೆಅಡಿಕೆಯ ಸುಣ್ಣದಲ್ಲಿ ಕ್ಯಾಲ್ಸಿಯಂ, ಗೋಡೆಯ ಕೆಂಪುಕಲ್ಲಿನ ಬಣ್ಣಕ್ಕೆ ಕಬ್ಬಿಣ. ಸಿಕ್ಕಿದ್ದನ್ನು ಚೀಟಿಯಲ್ಲಿ ಬರೆದು ಚಾರ್ಟಿನ ಅದೇ ಚೌಕಕ್ಕೆ ಅವರೇ ಅಂಟಿಸಲಿ.