ಇಸವಿ ಬರೆಯದ ರೈನ್ ಚಿತ್ರ: ಕಾಲ ಗುರುತಿಸುವುದು ಹೇಗೆ, ಓದುವುದು ಹೇಗೆ

19ನೇ ಶತಮಾನದಲ್ಲಿ ಜರ್ಮನಿಯ ರೈನ್ ನದಿಯ ಕಣಿವೆಗೆ ಬಂದ ಚಿತ್ರಕಾರರು ಬಿಟ್ಟುಹೋದ ಎಷ್ಟೋ ಹಾಳೆಗಳ ಮೇಲೆ ಇಸವಿಯಿಲ್ಲ. ಅಂಥದ್ದೊಂದು ಕೈಗೆ ಬಂದರೆ ಮೊದಲು ಶೈಲಿಯ ಮಾತೆತ್ತಬೇಡಿ. ಶೈಲಿ ನೋಡಿ ಕಾಲ ಹೇಳುವುದು ಸುಲಭ, ತಪ್ಪುವುದೂ ಅಷ್ಟೇ ಸುಲಭ. ಮೊದಲು ಬೇಕಾದದ್ದು ಎರಡು ಗಡಿ: ಈ ಹಾಳೆ ಯಾವ ಇಸವಿಗಿಂತ ಈಚಿನದು, ಯಾವ ಇಸವಿಗಿಂತ ಮೊದಲಿನದು.

ಜಾಗದಿಂದ ಶುರುಮಾಡಿ. ಎಡದಂಡೆ, ಬಲದಂಡೆ ಎನ್ನುವುದು ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತಾಗಿನ ಲೆಕ್ಕ. ಕೊಬ್ಲೆಂಜ್ ಊರು ಎಡದಂಡೆಯಲ್ಲಿದೆ, ಎದುರಿನ ಬಲದಂಡೆಯ ಗುಡ್ಡದ ಮೇಲೆ ಎರೆನ್‌ಬ್ರೈಟ್‌ಸ್ಟೈನ್ ಕೋಟೆ. ಚಿತ್ರದಲ್ಲಿ ಇವು ಅದಲುಬದಲಾಗಿದ್ದರೆ ಅದು ಅಚ್ಚಿಗಾಗಿ (ಅಚ್ಚೊತ್ತಿದಾಗ ಎಡಬಲ ತಿರುಗುತ್ತದೆ) ತಿರುವಿ ಬರೆದದ್ದೋ, ಅಚ್ಚಿನಿಂದ ನಕಲು ಮಾಡಿದ್ದೋ ಇರಬಹುದು.

ಹೆಚ್ಚು ಹೊತ್ತು ಕೊಡಬೇಕಾದದ್ದು ಕಟ್ಟಡಗಳಿಗೆ. ಈ ನದಿಯ ದಂಡೆ ಆ ಶತಮಾನದಲ್ಲಿ ಮತ್ತೆ ಮತ್ತೆ ಬದಲಾಯಿತು. ಫ್ರೆಂಚರು 1801ರಲ್ಲಿ ಸಿಡಿಸಿದ ಎರೆನ್‌ಬ್ರೈಟ್‌ಸ್ಟೈನನ್ನು ಪ್ರಷ್ಯನ್ನರು 1817ರಿಂದ 1828ರವರೆಗೆ ಮತ್ತೆ ಕಟ್ಟಿದರು. ಕೊಬ್ಲೆಂಜ್‌ನಲ್ಲಿ ರೈನ್‌ಗೆ ದೋಣಿಸೇತುವೆ ಬಂದದ್ದು 1819ರಲ್ಲಿ. ಕೊಬ್ಲೆಂಜ್ ಬಳಿಯ ಸ್ಟೋಲ್ಜೆನ್‌ಫೆಲ್ಸ್ ಕೋಟೆ ಅರಮನೆಯಾಗಿ ಎದ್ದದ್ದು 1836–42ರಲ್ಲಿ, ಅಲ್ಲಿಯವರೆಗೆ ಪಾಳು. ಬಿಂಗೆನ್‌ನ ಇಲಿಗೋಪುರ 1850ರ ದಶಕದಲ್ಲಿ ದುರಸ್ತಿಯಾಯಿತು. ಕಲೋನ್ ಕೆಥೆಡ್ರಲಿನ ಮೊಟಕು ದಕ್ಷಿಣ ಗೋಪುರದ ಮೇಲಿನ ಹಳೆಯ ಕ್ರೇನ್ 1868ರವರೆಗೂ ಇತ್ತು. ಎರಡೂ ಗೋಪುರ ಪೂರ್ತಿ ಇದ್ದರೆ ಹಾಳೆ 1880ರ ಸುತ್ತಮುತ್ತಿನದು ಅಥವಾ ಈಚಿನದು. ನೀರಲ್ಲಿ ಸ್ಟೀಮರ್ ಕಂಡರೆ 1816ಕ್ಕಿಂತ ಹಿಂದೆ ಹೋಗುವಂತಿಲ್ಲ.

ಇಲ್ಲಿ ಎಡವುವುದು ಹೇಗೆಂದರೆ, ಕಾಣದಿರುವುದನ್ನೂ ಸಾಕ್ಷಿಯೆಂದು ಹಿಡಿಯುವುದು. ಸ್ಟೀಮರ್ ಇಲ್ಲ ಎಂದರೆ ಚಿತ್ರಕಾರನಿಗೆ ಹೊಗೆ ಬೇಡವಾಗಿತ್ತು ಎಂದೂ ಆಗಬಹುದು. ಇರುವುದಕ್ಕೆ ತೂಕ ಹೆಚ್ಚು, ಇಲ್ಲದಿರುವುದಕ್ಕೆ ಕಡಿಮೆ.

ಆಮೇಲೆ ಕಾಗದ. ಬೆಳಕಿಗೆ ಅಡ್ಡ ಹಿಡಿದು ವಾಟರ್‌ಮಾರ್ಕ್ (ಕಾಗದ ಮಾಡುವಾಗಲೇ ಒಳಗೆ ಮೂಡಿಸಿದ ಗುರುತು) ನೋಡಿ, ಫೋಟೊ ತೆಗೆಯಿರಿ. ಬ್ರಿಟನ್ನಿನ 1794ರ ಕಾನೂನಿನಿಂದಾಗಿ ಅಲ್ಲಿನ ಕಾಗದದಲ್ಲಿ ಇಸವಿ ಹಾಕುವ ರೂಢಿ ಬೆಳೆಯಿತು. 'ಜೆ ವಾಟ್‌ಮನ್' ಎಂಬ ಕಾಗದ ತಯಾರಕರ ಹೆಸರಿನ ಜೊತೆ 1816 ಎಂದಿದ್ದರೆ ಚಿತ್ರ ಅದಕ್ಕಿಂತ ಹಿಂದಿನದಲ್ಲ, ಅಷ್ಟೇ. ಕೊಂಡ ಕಾಗದವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರಿದ್ದರು. ಅತಿನೇರಳೆ ದೀಪದಡಿ ಹಾಳೆ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ 20ನೇ ಶತಮಾನದ ಮಧ್ಯದಿಂದ ಬಂದ ಬೆಳ್ಳಗಾಗಿಸುವ ರಾಸಾಯನಿಕವಿದೆ ಎಂದು ಅನುಮಾನಿಸಬೇಕು.

ಬಣ್ಣವೂ ಹಿಂದಿನ ಗಡಿಯನ್ನೇ ಹೇಳುತ್ತದೆ. ಬಣ್ಣ ತಯಾರಿಸುವ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಚೈನೀಸ್ ವೈಟ್ ಎಂಬ ಬಿಳಿ ಬಂದದ್ದು 1834ರಲ್ಲಿ, ಕೃತಕ ಅಲ್ಟ್ರಾಮರೀನ್ ನೀಲಿ 1820ರ ದಶಕದ ಕೊನೆಗೆ. ಟೈಟಾನಿಯಂ ಬಿಳಿ ಸಿಕ್ಕರೆ ಅದು 20ನೇ ಶತಮಾನದ ಕೈ. ಆದರೆ ಇಡೀ ಚಿತ್ರ ನಕಲಿಯೆಂದು ತೀರ್ಮಾನಿಸುವ ಮೊದಲು ಆ ಬಿಳಿ ಎಲ್ಲಿದೆ ನೋಡಿ, ದುರಸ್ತಿಯ ಜಾಗದಲ್ಲಷ್ಟೇ ಇರಬಹುದು.

ಒಂದೇ ಹಾಳೆಗೆ ಎರಡು ಮೂರು ಕಾಲವಿರುತ್ತದೆ ಎಂಬುದನ್ನು ಮರೆಯಬೇಡಿ. ದೀಪವನ್ನು ಪಕ್ಕದಿಂದ, ತೀರಾ ತಗ್ಗಿನಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಪೆನ್ಸಿಲ್ ಗೆರೆ ಬಣ್ಣದ ಕೆಳಗಿದೆಯೋ ಮೇಲಿದೆಯೋ ತಿಳಿಯುತ್ತದೆ. ಗೆರೆಯುದ್ದಕ್ಕೂ ಸಮನಾದ ಒತ್ತುಗುರುತಿದ್ದರೆ ಬೇರೆ ಚಿತ್ರದ ಗೆರೆಗಳನ್ನು ಒತ್ತಿ ನಕಲಿಳಿಸಿರುವ ಸಾಧ್ಯತೆಯಿದೆ. ಹಿಂಬದಿಯ ಬರಹವನ್ನು ಸಂಗ್ರಾಹಕರು ಎಷ್ಟೋ ವರ್ಷ ಕಳೆದು ಬರೆದಿರಬಹುದು.

ಇಂಗ್ಲಿಷ್ ಚಿತ್ರಕಾರ ಟರ್ನರ್‌ನದು ಒಳ್ಳೆಯ ಪಾಠ. ಅವನು ಮ್ಯೂಸ್, ಮೊಸೆಲ್ ನದಿಗಳನ್ನು ನೀಲಿ ಕಾಗದದ ಮೇಲೆ ಬರೆದ ಚಿತ್ರಗಳನ್ನು ಬಹುಕಾಲ ಬೇರೆ ಇಸವಿಗೆ ಸೇರಿಸಿದ್ದರು. ಕಲಾ ಇತಿಹಾಸಕಾರ್ತಿ ಸೆಸಿಲಿಯಾ ಪೊವೆಲ್ ಅವರ ಸಂಶೋಧನೆ ಅವನ್ನು 1839ರ ಪ್ರವಾಸಕ್ಕೆ ಕೂಡಿಸಿತು. ನಿಮ್ಮ ಹಾಳೆಯ ಚಿತ್ರಕಾರನ ಸ್ಕೆಚ್‌ಬುಕ್ ಉಳಿದಿದ್ದರೆ ಪುಟದಿಂದ ಪುಟಕ್ಕೆ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿ. ಹಾದಿ ಕೂಡಿದರೆ ಇಸವಿಯೂ ಕೂಡಿಬರುತ್ತದೆ. ಟರ್ನರ್‌ನ ಸುಮಾರು 300 ಸ್ಕೆಚ್‌ಬುಕ್ಕುಗಳು ಬ್ರಿಟನ್ನಿನ ಟೇಟ್ ಸಂಗ್ರಹಾಲಯದಲ್ಲಿವೆ.

ಅರ್ಥ ಹೇಳುವುದು ಇಷ್ಟಾದ ಮೇಲೆ. 1817ರ ಟರ್ನರ್ ಹಾಳೆಯಲ್ಲಿ ಎರೆನ್‌ಬ್ರೈಟ್‌ಸ್ಟೈನ್ ಮುರಿದು ನಿಂತಿದ್ದರೆ ಅದು ಪುರಾತನದ ಹಂಬಲವಲ್ಲ, ಆಗಷ್ಟೇ ಮುಗಿದ ಯುದ್ಧಗಳ ಗಾಯ. ನೆಪೋಲಿಯನ್ ಸೋತ ವಾಟರ್‌ಲೂ ಕದನ ಮುಗಿದು ಆಗ ಇನ್ನೂ ಎರಡೇ ವರ್ಷ. ಅದೇ ಪಾಳು 1840ರದೆಂಬ ಹಾಳೆಯಲ್ಲಿದ್ದರೆ ಅದು ಹಳೆಯ ಸ್ಕೆಚ್ಚನ್ನೋ ಅಚ್ಚನ್ನೋ ನೋಡಿ ಬರೆದದ್ದು. ಬೆಟ್ಟ ಎತ್ತರವಾಗಿದೆಯೆಂದು ಗಾಬರಿ ಬೇಡ, ಟರ್ನರ್ ಬೆಟ್ಟಗಳನ್ನು ಎಗ್ಗಿಲ್ಲದೆ ಎತ್ತರಿಸುತ್ತಿದ್ದ. ಬೆಳಕಿನ ದಿಕ್ಕು ನೋಡಿ: ಕೊಬ್ಲೆಂಜ್ ಕಡೆಯಿಂದ ಕೋಟೆಯ ಮುಖ ಬೆಳಗುವುದು ಸಂಜೆ, ಬೆಳಿಗ್ಗೆ ಅದು ಕಪ್ಪು ನೆರಳು.

ಆಕಾಶ ಕೆಂಪಾಗಿದೆಯೆಂದು ಮಾತ್ರ ಸಂಜೆಯೆನ್ನಬೇಡಿ. ಇಂಡಿಗೊ ನೀಲಿ ಬೆಳಕಿಗೆ ಮಾಸುತ್ತದೆ. ಅದರ ಜೊತೆ ಕಲೆಸಿದ ಕೆಂಪುಮಣ್ಣಿನ ಬಣ್ಣ ಉಳಿಯುತ್ತದೆ, ಬೂದು ಮೋಡ ಗುಲಾಬಿಯಾಗುತ್ತದೆ. ಚೌಕಟ್ಟಿನ ರಟ್ಟು ಮುಚ್ಚಿದ್ದ ಅಂಚಿನಲ್ಲಿ ಮೂಲ ಬಣ್ಣ ಉಳಿದಿರಬಹುದು. ರಟ್ಟು ಹಾಳೆಗೆ ಅಂಟಿದ್ದರೆ ಎಳೆಯದೆ ಕಾಗದ ಸಂರಕ್ಷಕರ ಕೈಗೆ ಕೊಡಿ.